ಕೆರೆ ದಂಡೆಯಲ್ಲಿ ಮೀನಡುಗೆ ಮೇಳ: ಮಕ್ಕಳ ಪರಿಸರ ಪಾಠಕ್ಕೆ ಹಣ ಕೂಡಿಸುವವರಿಗೊಂದು ಮಾರ್ಗದರ್ಶಿ

ಮೈಸೂರು ಮತ್ತು ಮಂಡ್ಯಕ್ಕೆ ಕಡಲು ದೂರ, ಆದರೆ ಮೀನುಸಾರು ದೂರವಲ್ಲ. ಕಾವೇರಿ, ಕಬಿನಿ, ಹೇಮಾವತಿ, ಶಿಂಷಾ ನದಿಗಳ ಮೀನು, ನಾಲೆಯ ನೀರು ತುಂಬಿಕೊಳ್ಳುವ ಕೆರೆಗಳ ಮೀನು, ಗದ್ದೆಯ ಬದುವಿನಲ್ಲಿ ಸಿಗುವ ಏಡಿ, ಇವೆಲ್ಲ ರಾಗಿಮುದ್ದೆಯ ಜೊತೆ ನಮ್ಮ ತಟ್ಟೆಗೆ ಬಂದು ತಲೆಮಾರುಗಳೇ ಕಳೆದಿವೆ. ಈ ರುಚಿಯನ್ನು ನೆಪವಾಗಿಟ್ಟುಕೊಂಡು ಶಾಲಾ ಮಕ್ಕಳ ಪರಿಸರ ಶಿಕ್ಷಣಕ್ಕೆ ಹಣ ಕೂಡಿಸಬೇಕೆಂದು ಊರಿನ ಯುವಕ ಸಂಘಗಳು, ಹಳೆಯ ವಿದ್ಯಾರ್ಥಿಗಳ ಬಳಗಗಳು, ಮಹಿಳಾ ಸ್ವಸಹಾಯ ಗುಂಪುಗಳು ಯೋಚಿಸುವುದುಂಟು. ಅಂಥ ಮೇಳಗಳ ಅಡುಗೆಮನೆಯಲ್ಲೂ ಲೆಕ್ಕದ ಮೇಜಿನಲ್ಲೂ ಕುಳಿತು ಬಂದವನಾಗಿ, ಸುಮಾರು 400 ಜನರ ಒಂದು ದಿನದ ಮೇಳವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ.

ಮೊದಲು ಪಾಠ, ಆಮೇಲೆ ಅಡುಗೆ

ಮೇಳದ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಮಾಡಬೇಕು. ಎಷ್ಟು ಬಗೆಯ ಅಡುಗೆ, ಯಾರು ಅತಿಥಿ ಎಂಬ ಚರ್ಚೆಗೆ ಇಳಿಯುವ ಮುನ್ನ, ಬರುವ ಹಣದಲ್ಲಿ ಯಾವ ಶಾಲೆಯ ಎಷ್ಟು ಮಕ್ಕಳಿಗೆ ಏನು ಮಾಡುತ್ತೀರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ‘ಪರಿಸರ ಜಾಗೃತಿಗಾಗಿ’ ಎಂದು ಬರೆದರೆ ಏನನ್ನೂ ಬರೆದಂತಾಗುವುದಿಲ್ಲ. ‘ಎರಡು ಸರ್ಕಾರಿ ಪ್ರೌಢಶಾಲೆಗಳ ಎಂಟನೆಯ ತರಗತಿಯ ಮಕ್ಕಳನ್ನು ಫೆಬ್ರವರಿಯಲ್ಲಿ ಒಂದು ದಿನ ಕೊಕ್ಕರೆ ಬೆಳ್ಳೂರಿಗೆ ಕರೆದೊಯ್ಯುವುದು, ನಾಲ್ಕು ಬೈನಾಕ್ಯುಲರ್ ಮತ್ತು ನೀರಿನ ಪರೀಕ್ಷೆಯ ಎರಡು ಪೆಟ್ಟಿಗೆಗಳನ್ನು ಶಾಲೆಗೆ ಕೊಡಿಸುವುದು’ ಎಂದು ಬರೆದರೆ ಕೂಪನ್ ಕೊಳ್ಳುವವನಿಗೆ ತನ್ನ ಹಣ ಹೋಗುವ ದಾರಿ ಕಾಣುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾದ ಊರು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುವುದನ್ನು ಮಕ್ಕಳು ತಲೆಯೆತ್ತಿ ನೋಡಿದರೆ, ಪಠ್ಯದ ಹತ್ತು ಪುಟ ಓದಿಸಿದ್ದಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಆ ಹಕ್ಕಿಗಳು ಮರಿಗಳಿಗೆ ತರುವುದೂ ನಮ್ಮ ಕೆರೆಗಳ ಮೀನನ್ನೇ ಎಂಬುದು ನಿಮ್ಮ ಮೇಳಕ್ಕೂ ಆ ಪ್ರವಾಸಕ್ಕೂ ಇರುವ ನಂಟು.

ದಂಡೆಯನ್ನು ಆರಿಸುವುದು

ನೀರು ಕಂಡಲ್ಲೆಲ್ಲ ಒಲೆ ಹೂಡುವಂತಿಲ್ಲ. ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಿಂದ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ. ಅದರ ಆಸುಪಾಸಿನ ಮಾತೇ ಬೇಡ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ, ಸಂಗಮ, ನಿಮಿಷಾಂಬ ದೇವಾಲಯದ ಸ್ನಾನಘಟ್ಟ ಇವೆಲ್ಲ ಜನರು ಪಿತೃಕಾರ್ಯಕ್ಕೂ ಪೂಜೆಗೂ ಬರುವ ಜಾಗಗಳಾದ್ದರಿಂದ ಅಲ್ಲಿ ಮೀನು ಕೊಯ್ಯುವುದು ಅನವಶ್ಯಕ ಮನಸ್ತಾಪಕ್ಕೆ ದಾರಿ. ಪಾಂಡವಪುರದ ಬಳಿಯ ತೊಣ್ಣೂರು ಕೆರೆ ಕಣ್ಣಿಗೆ ಎಷ್ಟೇ ಚೆಲುವಾಗಿದ್ದರೂ ಅದು ರಾಮಾನುಜರ ನೆನಪನ್ನು ಹೊತ್ತ ಊರು, ದೇಗುಲಗಳು ಹತ್ತಿರದಲ್ಲಿವೆ. ಮೈಸೂರು ನಗರದೊಳಗಿನ ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಕೆರೆಗಳು ನಡಿಗೆಯವರಿಗೂ ಹಕ್ಕಿಗಳಿಗೂ ಸೇರಿದವು. ಅವುಗಳನ್ನು ಹಾಗೆಯೇ ಬಿಡುವುದು ಲೇಸು. ನಂಜನಗೂಡು ಕಡೆಯ ಹದಿನಾರು ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುವುದರಿಂದ ಅಲ್ಲೂ ಆ ತಿಂಗಳುಗಳಲ್ಲಿ ಗದ್ದಲ ಕೂಡದು.

ಉಳಿಯುವುದು ಊರೊಟ್ಟಿನ ಸಾಮಾನ್ಯ ಕೆರೆಗಳು. ಮೀನು ಸಾಕಣೆ ನಡೆಯುತ್ತಿರುವ, ದೇಗುಲ ಹತ್ತಿರವಿಲ್ಲದ, ಏರಿಯ ಹೊರಬದಿಯಲ್ಲಿ ಗಟ್ಟಿ ನೆಲವಿರುವ ಕೆರೆಗಳು. ಆಯ್ಕೆಗೆ ಮುನ್ನ ಒಂದು ಮುಂಜಾನೆ ಮತ್ತು ಒಂದು ಸಂಜೆ ಅಲ್ಲಿ ಸುಮ್ಮನೆ ಕುಳಿತು ನೋಡಿ. ಕೆರೆಯಂಗಳದ ಜಾಲಿ ಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿದ್ದರೆ ಬೇರೆ ಕೆರೆ ಹುಡುಕಿ. ಹೊಳೆಯ ದಂಡೆಯನ್ನೇ ಆರಿಸುವುದಾದರೆ, ಶ್ರೀರಂಗಪಟ್ಟಣದ ಸುತ್ತಿನ ಕಾವೇರಿಯಲ್ಲಿ ಮೊಸಳೆಗಳಿವೆ ಎಂಬುದನ್ನು ಮರೆಯಬೇಡಿ; ಮೀನಿನ ಕರುಳನ್ನು ನೀರಂಚಿನಲ್ಲಿ ಚೆಲ್ಲುವುದು ಅವುಗಳಿಗೆ ಆಹ್ವಾನಪತ್ರಿಕೆ ಕಳುಹಿಸಿದಂತೆ. ಒಲೆಗಳ ಸಾಲು ನೀರಿನಂಚಿನಿಂದ ಕನಿಷ್ಠ 30 ಮೀಟರ್ ದೂರವಿರಲಿ. ಪಕ್ಕದಲ್ಲಿ ಕಬ್ಬಿನ ಗದ್ದೆಯಿದ್ದರೆ ಒಣ ತರಗಿಗೆ ಕಿಡಿ ಹಾರದಂತೆ ಗಾಳಿಯ ದಿಕ್ಕು ನೋಡಿಕೊಂಡೇ ಒಲೆ ಹೂಡಬೇಕು.

ದಿನ ಗೊತ್ತು ಮಾಡುವುದು

ಸಂಕ್ರಾಂತಿ ಕಳೆದ ಮೇಲಿನ ಜನವರಿ ಕೊನೆಯ ವಾರದಿಂದ ಫೆಬ್ರವರಿ ಮುಗಿಯುವವರೆಗಿನ ಭಾನುವಾರಗಳು ಇದಕ್ಕೆ ಒಳ್ಳೆಯ ಕಾಲ. ಕೆರೆಗಳಲ್ಲಿ ನೀರಿರುತ್ತದೆ, ಮಳೆಯಿರುವುದಿಲ್ಲ, ಭತ್ತದ ಕೊಯ್ಲು ಮುಗಿದು ಜನರ ಕೈ ಬಿಡುವಾಗಿರುತ್ತದೆ. ಸೋಮವಾರ, ಶನಿವಾರ ಬಾಡು ಮುಟ್ಟದ ಮನೆಗಳು ನಮ್ಮಲ್ಲಿ ಬಹಳ. ಆ ದಿನ ಶಿವರಾತ್ರಿಯೋ ಊರಹಬ್ಬವೋ ಬಿದ್ದಿದೆಯೇ ಎಂದು ಪಂಚಾಂಗವನ್ನೂ ಊರಿನ ಹಿರಿಯರನ್ನೂ ಕೇಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಮೇಳ ಬೇಡವೇ ಬೇಡ, ಏಕೆಂದರೆ ಅದು ಗೆಂಡೆ ಜಾತಿಯ ಮೀನುಗಳು ಹೊಸನೀರಿಗೆ ಮೊಟ್ಟೆಯಿಡುವ ಕಾಲ. ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ.

ಅನುಮತಿ

ಕೆರೆಯ ಒಡೆತನ ಒಬ್ಬರದು, ಮೀನಿನ ಹಕ್ಕು ಇನ್ನೊಬ್ಬರದು ಎಂಬುದು ಹೊಸಬರು ಎಡವುವ ಮೊದಲ ಕಲ್ಲು. ಗ್ರಾಮ ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಸಣ್ಣ ನೀರಾವರಿ ಇಲಾಖೆ, ಕಾವೇರಿ ನೀರಾವರಿ ನಿಗಮ, ಇವುಗಳಲ್ಲಿ ಆ ಕೆರೆ ಯಾರ ಸುಪರ್ದಿನಲ್ಲಿದೆ ಎಂದು ತಿಳಿದು ಅವರಿಗೆ ಲಿಖಿತ ಅರ್ಜಿ ಕೊಡಿ. ಮೀನುಗಾರಿಕೆ ಹಕ್ಕನ್ನು ಗುತ್ತಿಗೆಗೆ ಪಡೆದಿರುವ ಸಹಕಾರ ಸಂಘವನ್ನು ಬೇರೆಯಾಗಿಯೇ ಕಾಣಬೇಕು, ಅದೂ ಅರ್ಜಿ ಕೊಡುವುದಕ್ಕೆ ಮೊದಲು. ಆ ಮೀನುಗಾರರು ನಿಮ್ಮ ಮೇಳದ ಪಾಲುದಾರರಾದರೆ ಅರ್ಧ ಕೆಲಸ ಮುಗಿದಂತೆ. ಅವರನ್ನು ಬಿಟ್ಟು ಅವರ ಕೆರೆಯ ದಂಡೆಯಲ್ಲೇ ಹೊರಗಿನ ಮೀನು ಬೇಯಿಸಿದರೆ ಆ ಮೇಳಕ್ಕೆ ಮರ್ಯಾದೆಯಿಲ್ಲ. ಪೊಲೀಸ್ ಠಾಣೆ, ಅಗ್ನಿಶಾಮಕ ದಳ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಪತ್ರ ತಲುಪಿಸಿ. ಅಡುಗೆ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕಾಗುತ್ತದೆ. ಇದನ್ನು ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಯ ಬಳಿ ಒಂದು ತಿಂಗಳು ಮೊದಲೇ ವಿಚಾರಿಸಿ. ಧ್ವನಿವರ್ಧಕಕ್ಕೆ ಅನುಮತಿ ಸಿಗುತ್ತದೆ, ಆದರೆ ಕೆರೆಯ ಬಳಿ ಅದು ಬೇಕೇ ಎಂದು ಎರಡು ಸಲ ಯೋಚಿಸಿ. ನನ್ನ ಮಟ್ಟಿಗೆ ಒಂದು ತಮಟೆ ಸಾಕು.

ಯಾವ ಮೀನು, ಯಾವುದು ಕೂಡದು

ಮೇಳದ ಬೆನ್ನೆಲುಬು ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಸಾಕು ಮೀನುಗಳಾಗಿರಲಿ. ಇವು ಗಂಗಾ ಬಯಲಿನಿಂದ ಬಂದವು. ನಿಂತ ನೀರಿನಲ್ಲಿ ಮೊಟ್ಟೆಯಿಡದ ಈ ಮೀನುಗಳಿಗೆ ಚುಚ್ಚುಮದ್ದು ಕೊಟ್ಟು ಮರಿ ಪಡೆಯುವ ವಿಧಾನವನ್ನು 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧರಿ ಅವರು ಸಾಧಿಸಿ ತೋರಿಸಿದ ಮೇಲೆಯೇ ದೇಶದ ಕೆರೆಕಟ್ಟೆಗಳಿಗೆಲ್ಲ ಇವು ಹರಡಿದವು. ಜಿಲೇಬಿ ಎಂದು ನಾವು ಕರೆಯುವ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂದ ಪರದೇಶಿ. ಎಲ್ಲೆಂದರಲ್ಲಿ ಹೆಚ್ಚಿ ಸ್ಥಳೀಯ ಮೀನುಗಳ ಜಾಗವನ್ನು ಕಬಳಿಸುವ ಇದನ್ನು ಹುರಿದು ತಿನ್ನುವುದರಲ್ಲಿ ಸಂಕೋಚ ಪಡಬೇಕಾದ್ದಿಲ್ಲ. ಕೊರವ ಮೀನು ಸಿಕ್ಕರೆ ಮುಳ್ಳು ಕಡಿಮೆಯಿರುವ ಕಾರಣ ಮಕ್ಕಳಿಗೂ ವಯಸ್ಸಾದವರಿಗೂ ಮೀಸಲಿಡಿ.

ಎರಡು ಮೀನುಗಳನ್ನು ಮೇಳದ ಒಳಗೆ ಬಿಡಬಾರದು. ಒಂದು, ಆಫ್ರಿಕನ್ ಕ್ಯಾಟ್‌ಫಿಶ್. ಕೆರೆಗೆ ತಪ್ಪಿಸಿಕೊಂಡರೆ ಉಳಿದ ಮೀನುಗಳನ್ನು ಮುಕ್ಕಿಬಿಡುವ ಇದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದ್ದರೂ ಅಗ್ಗದ ಬೆಲೆಗೆ ಇಂದಿಗೂ ಕೈಗೆ ಸಿಗುತ್ತದೆ. ಇನ್ನೊಂದು, ಕಾವೇರಿ ಕೊಳ್ಳದಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಸೀರ್. ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದು 2018ರಿಂದ ಅತ್ಯಂತ ಗಂಭೀರ ವರ್ಗದಲ್ಲಿದೆ. ಯಾರಾದರೂ ಹೊಳೆಯ ದೊಡ್ಡ ಮೀನು ತಂದುಕೊಡುತ್ತೇನೆ ಎಂದು ಮುಂದೆ ಬಂದರೆ ಕೈಮುಗಿದು ಬೇಡವೆನ್ನಿ.

ಕಡಲ ಮೀನಿಲ್ಲದೆ ಮೇಳವೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಬಂಗುಡೆ, ಬೂತಾಯಿ, ಸೀಗಡಿ ಮಂಗಳೂರು ಮತ್ತು ಕೇರಳದಿಂದ ಮೈಸೂರಿಗೆ ಬರುತ್ತವೆ, ನಿಜ. ಆದರೆ ಬಂಗುಡೆ, ಬೂತಾಯಿ ಜಾತಿಯ ಮೀನುಗಳನ್ನು ಹಿಡಿದ ಗಳಿಗೆಯಿಂದ ಮಂಜುಗಡ್ಡೆಯಲ್ಲಿ ಇಡದಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಕೂಡಿಕೊಳ್ಳುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪೇರಿ, ತಲೆ ಸಿಡಿದು, ಮೈಯೆಲ್ಲ ದದ್ದು ಏಳುತ್ತದೆ. ಘಟ್ಟ ಹತ್ತಿ ಬರುವ ಮೀನಿನ ದಾರಿಯುದ್ದದ ಮಂಜುಗಡ್ಡೆಗೆ ನೀವು ಜವಾಬ್ದಾರರಾಗಲಾರಿರಿ ಎಂದಾದರೆ ಕಡಲ ಮೀನನ್ನು ಕೈಬಿಡುವುದೇ ಜಾಣತನ. ಹಾಗೂ ಬೇಕೆಂದರೆ ಚೆನ್ನಾಗಿ ಒಣಗಿಸಿದ ಒಣಮೀನಿನ ಸಾರನ್ನು ಒಂದು ಮಳಿಗೆಯಲ್ಲಿಡಿ. ಹಳೇ ಮೈಸೂರಿನ ಸಂತೆಗೆ ಕಡಲು ಬರುತ್ತಿದ್ದುದು ಆ ರೂಪದಲ್ಲೇ.

ತೂಕ ಮತ್ತು ಮಂಜುಗಡ್ಡೆ

ಒಬ್ಬರಿಗೆ ತಲಾ 75 ಗ್ರಾಂನ ಎರಡು ತುಂಡುಗಳೆಂದರೆ 400 ಜನಕ್ಕೆ 60 ಕಿಲೋ ತುಂಡು ಬೇಕು. ಹುರುಪೆ, ಕರುಳು, ಕಿವಿರು ತೆಗೆದ ಮೇಲೆ ಇಡೀ ಮೀನಿನ ತೂಕದಲ್ಲಿ ನೂರಕ್ಕೆ ಸುಮಾರು 70 ಭಾಗವಷ್ಟೇ ಉಳಿಯುತ್ತದೆ ಎಂದು ಹಿಡಿದರೆ 90 ಕಿಲೋ ಮೀನು ತರಿಸಬೇಕು. ಎರಡು ಕಿಲೋ ಆಸುಪಾಸಿನ ಮೀನು ಒಳ್ಳೆಯದು, ತುಂಡು ಒಂದೇ ಅಳತೆಗೆ ಬರುತ್ತವೆ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ಮೇಲೇಳಬೇಕು.

ಮೀನಿನಷ್ಟೇ ತೂಕದ ಮಂಜುಗಡ್ಡೆ, ಅಂದರೆ ಕಿಲೋಗೆ ಕಿಲೋ, ಇದು ಬಿಸಿನಾಡಿನ ನಿಯಮ. ಒಂದು ಮೇಳದಲ್ಲಿ ನಾವು ಕಂಜೂಸುತನ ಮಾಡಿ ಅರ್ಧದಷ್ಟೇ ತರಿಸಿದ್ದೆವು. ಹನ್ನೊಂದು ಗಂಟೆಗೆ ಪೆಟ್ಟಿಗೆ ತೆರೆದಾಗ ಮೇಲಿನ ಸಾಲಿನ ಮೀನು ಮೆತ್ತಗಾಗಿತ್ತು. ಹದಿನಾಲ್ಕು ಕಿಲೋ ಮೀನನ್ನು ಹೂಳಬೇಕಾಯಿತು. ಪೆಟ್ಟಿಗೆಯ ತಳದಲ್ಲಿ ಮಂಜು, ಅದರ ಮೇಲೆ ಒಂದು ಸಾಲು ಮೀನು, ಮತ್ತೆ ಮಂಜು, ಹೀಗೆ ಜೋಡಿಸಿ ಕೊನೆಯ ಸಾಲು ಮಂಜಿನದೇ ಆಗಿರಲಿ. ಕರಗಿದ ನೀರು ಹೊರಹೋಗುವ ತೂತು ಪೆಟ್ಟಿಗೆಗೆ ಇರಲೇಬೇಕು. ಹಸಿ ಮೀನು 5 ಡಿಗ್ರಿಗಿಂತ ಕೆಳಗೆ, ಬೆಂದ ಸಾರು 60 ಡಿಗ್ರಿಗಿಂತ ಮೇಲೆ ಇರಬೇಕು. ಈ ಎರಡರ ನಡುವೆ ಎರಡು ಗಂಟೆ ಕಳೆದ ಅಡುಗೆಯನ್ನು ಯಾರಿಗೂ ಬಡಿಸಬೇಡಿ. ಉಷ್ಣಮಾಪಕ ದುಬಾರಿಯಲ್ಲ, ಎರಡು ಕೊಂಡಿಟ್ಟುಕೊಳ್ಳಿ. ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) 1950ರಿಂದ ನೆಲೆಸಿರುವ ಮೈಸೂರಿನಲ್ಲಿ ಆಹಾರ ವಿಜ್ಞಾನ ಬಲ್ಲ ನಿವೃತ್ತರು ಬೀದಿಗೊಬ್ಬರು ಸಿಗುತ್ತಾರೆ. ಒಬ್ಬರನ್ನು ಒಪ್ಪಿಸಿ ಅಡುಗೆ ಸಾಲಿನ ಮೇಲ್ವಿಚಾರಣೆಗೆ ಕೂರಿಸಿದರೆ ನಿಮ್ಮ ನಿದ್ರೆ ಉಳಿಯುತ್ತದೆ.

ದೊಡ್ಡ ಪಾತ್ರೆಯ ಸಾರು

ಮನೆಯ ಮೀನುಸಾರನ್ನು ಹತ್ತರಿಂದ ಗುಣಿಸಿದರೆ ಮೇಳದ ಸಾರಾಗುವುದಿಲ್ಲ. ಆಳವಾದ ಹಂಡೆಯಲ್ಲಿ ಮೀನು ಒಂದರ ಮೇಲೊಂದು ಬಿದ್ದು ಪುಡಿಯಾಗುತ್ತದೆ. ಅಗಲ ಬಾಯಿಯ, ಆಳ ಕಡಿಮೆಯಿರುವ ಪಾತ್ರೆಯಲ್ಲಿ ಒಂದು ಸಲಕ್ಕೆ 10 ಕಿಲೋ ತುಂಡುಗಳಿಗಿಂತ ಹೆಚ್ಚು ಹಾಕಬೇಡಿ. ಅಷ್ಟಕ್ಕೆ ಸುಮಾರು ಅರ್ಧ ಕಿಲೋ ಹುಣಸೆಹಣ್ಣು, ಎರಡು ಕಿಲೋ ಈರುಳ್ಳಿ, ಒಂದೂವರೆ ಕಿಲೋ ಟೊಮೆಟೊ, 300 ಗ್ರಾಂ ಬೆಳ್ಳುಳ್ಳಿ, 400 ಗ್ರಾಂ ದನಿಯಾ ಪುಡಿ, 250 ಗ್ರಾಂ ಮೆಣಸಿನಪುಡಿ, ಕರಿಮೆಣಸು ಮತ್ತು ಜೀರಿಗೆ ತಲಾ 50 ಗ್ರಾಂ, ಒಂದು ಹಿಡಿಗಿಂತ ಕಡಿಮೆ ಮೆಂತ್ಯ, ನಾಲ್ಕು ತೆಂಗಿನಕಾಯಿ ಹಿಡಿಯುತ್ತವೆ. ತುಂಡುಗಳನ್ನು ಕಲ್ಲುಪ್ಪು ಮತ್ತು ಅರಿಸಿನ ಹಾಕಿ ಲೋಳೆ ಹೋಗುವಂತೆ ಉಜ್ಜಿ ತೊಳೆಯಬೇಕು. ಮಸಾಲೆ ಕುದಿದು ಹಸಿವಾಸನೆ ಹೋಗಿ ಎಣ್ಣೆ ಬಿಟ್ಟುಕೊಂಡ ಮೇಲೆಯೇ ತುಂಡು ಹಾಕಿ, ಅಲ್ಲಿಂದ ಹತ್ತು ನಿಮಿಷ ಸೌಟು ಮುಟ್ಟದೆ ಪಾತ್ರೆಯ ಕಿವಿ ಹಿಡಿದು ಅಲ್ಲಾಡಿಸಿದರೆ ಸಾಕು. ನಿನ್ನೆಯ ಮೀನುಸಾರಿಗೆ ಇಂದು ರುಚಿ ಹೆಚ್ಚು ಎಂಬುದು ಮಂಡ್ಯದ ಮನೆಮನೆಯ ಮಾತು. ಅದನ್ನು ಮನೆಗೇ ಬಿಡಿ, ಮೇಳದಲ್ಲಿ ಅಂದಂದಿನ ಸಾರು ಅಂದೇ ಮುಗಿಯಬೇಕು.

ಮುದ್ದೆಗೆ ತಲಾ 100 ಗ್ರಾಂ ರಾಗಿ ಹಿಟ್ಟು ಹಿಡಿಯಿರಿ. 250 ಜನ ಮುದ್ದೆ ಕೇಳುತ್ತಾರೆಂದರೆ 25 ಕಿಲೋ. ಹಿಟ್ಟು ತಿರುವುವ ತೋಳುಬಲದವರನ್ನು ಮೊದಲೇ ಗೊತ್ತು ಮಾಡಿ, ಸರದಿ ಹಚ್ಚಿ. ಮುದ್ದೆ ತಣ್ಣಗಾಗಿ ಗಟ್ಟಿಯಾದರೆ ಸಾರು ಎಷ್ಟೇ ಚೆನ್ನಾಗಿದ್ದರೂ ಬೈಗುಳ ತಪ್ಪದು. ಏಡಿ ಮತ್ತು ಸೀಗಡಿ ಕೆಲವರ ಮೈಗೆ ಒಗ್ಗುವುದಿಲ್ಲವಾದ್ದರಿಂದ ಅವುಗಳ ಪಾತ್ರೆ, ಸೌಟು, ಎಣ್ಣೆ ಬೇರೆಯಾಗಿರಲಿ ಮತ್ತು ಮಳಿಗೆಯ ಮುಂದೆ ದೊಡ್ಡ ಅಕ್ಷರದ ಫಲಕವಿರಲಿ. ಮುಳ್ಳು ಗಂಟಲಿಗೆ ಸಿಕ್ಕಿದವರಿಗೆ ಅನ್ನದ ಉಂಡೆ ನುಂಗಿಸುವ ಹಳೆಯ ಮದ್ದು ಮುಳ್ಳನ್ನು ಇನ್ನಷ್ಟು ಒಳಕ್ಕೆ ನೂಕಬಹುದು. ವೈದ್ಯರ ಬಳಿಗೆ ಕರೆದೊಯ್ಯಲು ಒಂದು ವಾಹನ ಸಿದ್ಧವಿರಲಿ. ಅಡುಗೆ ಸ್ಪರ್ಧೆ ಇಡುವುದಾದರೆ ಪಾತ್ರೆಗಳಿಗೆ ಹೆಸರಿನ ಬದಲು ಸಂಖ್ಯೆ ಹಚ್ಚಿ, ತೀರ್ಪುಗಾರರನ್ನು ಬೇರೆ ಊರಿನಿಂದ ಕರೆಸಿ. ಕಾರಣ ಹೇಳಬೇಕಿಲ್ಲ.

ದಂಡೆ ಕೆಡದ ಹಾಗೆ

ಪರಿಸರದ ಹೆಸರಿನ ಮೇಳದ ಸಂಜೆ ಕೆರೆಯ ಮೇಲೆ ಎಣ್ಣೆಯ ಪದರವೂ ದಂಡೆಯಲ್ಲಿ ಲೋಟಗಳ ರಾಶಿಯೂ ಉಳಿದರೆ ಕೂಡಿದ ಹಣವನ್ನು ಮಕ್ಕಳ ಮುಂದೆ ಯಾವ ಮುಖದಿಂದ ಇಡುವುದು? ಆದ್ದರಿಂದ ಈ ಭಾಗಕ್ಕೆ ಅಡುಗೆಯಷ್ಟೇ ಜನರನ್ನು ನೇಮಿಸಿ. ಊಟಕ್ಕೆ ಬಾಳೆ ಎಲೆ, ಮುತ್ತುಗದ ಎಲೆ ಅಥವಾ ಅಡಿಕೆ ಹಾಳೆಯ ತಟ್ಟೆ. ನೀರಿಗೆ ಸ್ಟೀಲ್ ಲೋಟ. ಒಂದೇ ಸಲ ಬಳಸುವ ಪ್ಲಾಸ್ಟಿಕ್ ಕರ್ನಾಟಕದಲ್ಲಿ 2016ರಿಂದಲೇ ನಿಷಿದ್ಧ. ತೊಳೆಯಲು ಟ್ಯಾಂಕರ್ ನೀರು ತರಿಸಿ, ಕೆರೆಯಲ್ಲಿ ಪಾತ್ರೆ ಅದ್ದಬೇಡಿ. ಮುಸುರೆ ನೀರು ಇಂಗುಗುಂಡಿಗೆ ಹೋಗಲಿ. ಸಾಬೂನಿನ ನೀರು ಮತ್ತು ಮೀನಿನ ಕಸ ಕೆರೆಗೆ ಸೇರಿದರೆ ಅವು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರುತ್ತವೆ. ಗೆಂಡೆ ಮೀನುಗಳಿಗೆ ಲೀಟರಿಗೆ 5 ಮಿಲಿಗ್ರಾಂನಷ್ಟಾದರೂ ಆಮ್ಲಜನಕ ಬೇಕು. ಅದು ತೀರಾ ಇಳಿದರೆ ಮರುದಿನ ಬೆಳಗ್ಗೆ ಮೀನು ಹೊಟ್ಟೆ ಮೇಲಾಗಿ ತೇಲುತ್ತವೆ. ಕರಿದ ಎಣ್ಣೆಯನ್ನು ಡಬ್ಬಿಗೆ ತುಂಬಿ ಜೈವಿಕ ಡೀಸೆಲ್ ತಯಾರಕರಿಗಾಗಿ ಎಣ್ಣೆ ಸಂಗ್ರಹಿಸುವವರಿಗೆ ಕೊಡಿ.

90 ಕಿಲೋ ಮೀನಿನಿಂದ ಬರುವ ಸುಮಾರು 25 ಕಿಲೋ ಕರುಳು, ಕಿವಿರುಗಳನ್ನು ಎಸೆಯಬೇಕಿಲ್ಲ. ಬೆಲ್ಲದ ನಾಡಾದ ಮಂಡ್ಯದಲ್ಲಿ ಇದಕ್ಕೆ ಸುಲಭದ ದಾರಿಯಿದೆ: ಮೀನಿನ ಕಸವನ್ನು ಸಣ್ಣಗೆ ಕೊಚ್ಚಿ, ಅಷ್ಟೇ ತೂಕದ ಬೆಲ್ಲ ಬೆರೆಸಿ, ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೆರಳಲ್ಲಿ ಇಟ್ಟರೆ ಇಪ್ಪತ್ತು ದಿನಗಳಲ್ಲಿ ಜೇನಿನ ಬಣ್ಣದ ದ್ರವ ಸಿದ್ಧವಾಗುತ್ತದೆ. ಸೋಸಿ ಲೀಟರ್ ನೀರಿಗೆ 5 ಮಿಲಿಲೀಟರಿನಂತೆ ಬೆರೆಸಿ ತರಕಾರಿ ಗಿಡಗಳಿಗೆ ಸಿಂಪಡಿಸಬಹುದು. ಆಲೆಮನೆಯಲ್ಲಿ ಬಣ್ಣ ಕೆಟ್ಟ ಬೆಲ್ಲ ಕಡಿಮೆ ಬೆಲೆಗೆ ಸಿಗುತ್ತದೆ, ಅದೇ ಸಾಕು.

ಪಾಠದ ಮೂಲೆ

ಊಟದ ಸಾಲು ನಿಧಾನವಾಗಿ ಸಾಗುವ ಜಾಗದಲ್ಲೇ ಪಾಠದ ಮೇಜು ಇಡಿ; ಕಾಯುವವರಿಗೆ ಬೇರೆ ಕೆಲಸವಿರುವುದಿಲ್ಲ. ಭಾಷಣ ಬೇಡ, ಭಿತ್ತಿಪತ್ರಗಳ ಗೋಡೆಯೂ ಬೇಡ. ಮಂಜಿನ ತಟ್ಟೆಯ ಮೇಲೆ ಮೂರು ಮೀನುಗಳನ್ನು ಪಕ್ಕಪಕ್ಕ ಇಟ್ಟು ಬಾಯಿಗಳನ್ನು ತೋರಿಸಿ: ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇಲ್ಪದರದ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ, ರೋಹು ನಡುನೀರಿನದು, ಮೃಗಾಲ್ ತಳದ ಕೆಸರಿನಲ್ಲಿ ಮೇಯುತ್ತದೆ. ಒಂದೇ ಕೆರೆಯಲ್ಲಿ ಮೂರು ಅಂತಸ್ತಿನ ಸಂಸಾರ ಹೇಗೆ ನಡೆಯುತ್ತದೆ ಎಂಬುದು ಆಗ ಮಗುವಿಗೂ ಹೊಳೆಯುತ್ತದೆ. ಕೊಯ್ಯುವಾಗ ಉದುರಿದ ಹುರುಪೆಗಳನ್ನು ತೊಳೆದು ಭೂತಗನ್ನಡಿಯ ಕೆಳಗಿಟ್ಟರೆ ಮರದ ಕಾಂಡದಲ್ಲಿರುವಂಥ ಬಳೆಗಳು ಕಾಣುತ್ತವೆ, ಅದರಿಂದ ಮೀನಿನ ವಯಸ್ಸನ್ನು ಅಂದಾಜು ಮಾಡಬಹುದು. ನೀರು ಎಷ್ಟು ತಿಳಿಯಾಗಿದೆ ಎಂದು ನೋಡಲು 20 ಸೆಂಟಿಮೀಟರ್ ಅಗಲದ ತಟ್ಟೆಗೆ ಕಪ್ಪು ಬಿಳುಪು ಬಣ್ಣ ಬಳಿದು ದಾರ ಕಟ್ಟಿ, ಎಷ್ಟು ಆಳಕ್ಕೆ ಅದು ಕಣ್ಮರೆಯಾಗುತ್ತದೆಂದು ತೂಬಿನ ಕಟ್ಟೆಯ ಮೇಲಿಂದ ಹಿರಿಯರ ಕಾವಲಿನಲ್ಲಿ ಮಕ್ಕಳಿಂದಲೇ ಅಳೆಸಿ, ಅಂಕಿಯನ್ನು ಕರಿಹಲಗೆಯಲ್ಲಿ ಬರೆಸಿ. ಮೀನುಗಾರರ ಸಂಘದ ಹಿರಿಯರೊಬ್ಬರು ಬಲೆ ಹೆಣೆಯುತ್ತ ಕುಳಿತರೆ ಆ ಮೇಜಿನ ಮುಂದೆ ಜನ ಕರಗುವುದೇ ಇಲ್ಲ.

ಹಣ

ಒಂದು ಮಾದರಿ ಲೆಕ್ಕ ನೋಡಿ. 250 ರೂಪಾಯಿಯ 400 ಕೂಪನ್‌ಗಳಿಂದ ಒಂದು ಲಕ್ಷ. ಮೀನಿಗೆ 19,800, ಮಂಜುಗಡ್ಡೆಗೆ 3,000, ರಾಗಿ, ಅಕ್ಕಿ, ಎಣ್ಣೆ, ಮಸಾಲೆಗೆ 16,000, ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ 18,000, ಎಲೆ ಮತ್ತು ನೀರಿಗೆ 6,000, ಶೌಚಾಲಯ ಮತ್ತು ಸ್ವಚ್ಛತೆಗೆ 8,000, ಪ್ರಥಮ ಚಿಕಿತ್ಸೆ ಮತ್ತು ಅನುಮತಿಯ ಖರ್ಚಿಗೆ 5,000 ಎಂದರೆ 75,800 ಹೋಗಿ ಉಳಿಯುವುದು 24,200. ಮೊದಲ ಸಲ ಈ ಅಂಕಿ ಕಂಡವರ ಮುಖ ಬಾಡುತ್ತದೆ. ಹಣ ಉಳಿಯುವುದು ಕೂಪನ್ ಬೆಲೆ ಏರಿಸುವುದರಿಂದಲ್ಲ, ಖರ್ಚುಗಳನ್ನು ಒಬ್ಬೊಬ್ಬರ ಹೆಗಲಿಗೆ ಹಂಚುವುದರಿಂದ. ಶಾಮಿಯಾನ ಒಬ್ಬರದು, ಅಕ್ಕಿ ಊರಿನ ಗಿರಣಿಯದು, ರಾಗಿ ಮನೆಗೊಂದು ಸೇರು ಎಂದಾದರೆ ಉಳಿಕೆ ಇಮ್ಮಡಿಯಾಗುತ್ತದೆ. ಮೀನಿಗೆ ಮಾತ್ರ ಸಂಘಕ್ಕೆ ಪೂರ್ತಿ ಬೆಲೆ ಕೊಡಿ, ಅಂದೇ ಕೊಡಿ. ಮೀನುಗಾರನ ದುಡಿಮೆಯನ್ನು ಪುಕ್ಕಟೆ ಪಡೆದು ಪರಿಸರದ ಪಾಠ ಹೇಳುವುದು ಸರಿಯಲ್ಲ.

ಊಟದ ಕೂಪನ್ ಬೇರೆ, ದೇಣಿಗೆ ಬೇರೆ. ಊಟಕ್ಕೆ ಕೊಟ್ಟ ಹಣಕ್ಕೆ ತೆರಿಗೆ ವಿನಾಯಿತಿಯ ರಸೀದಿ ಬರೆಯಬಾರದು; ದೇಣಿಗೆ ಕೊಡುವವರಿಗೆ, ನಿಮ್ಮ ಜೊತೆಗಿರುವ ನೋಂದಾಯಿತ ಸಂಸ್ಥೆಗೆ ಅಂಥ ಮಾನ್ಯತೆ ಇದ್ದರೆ ಮಾತ್ರ, ಪ್ರತ್ಯೇಕ ಪುಸ್ತಕದಿಂದ ರಸೀದಿ ಕೊಡಿ. ಕೂಪನ್‌ಗಳಿಗೆ ಕ್ರಮಸಂಖ್ಯೆ ಇರಲಿ, ಮಾರಾಟವಾಗದವು ಎಣಿಸಿ ವಾಪಸಾಗಲಿ, ಯುಪಿಐ ಹಣ ಯಾರೊಬ್ಬರ ಸ್ವಂತ ಖಾತೆಗೂ ಹೋಗದಿರಲಿ.

ಊಟವನ್ನು ಹನ್ನೊಂದೂವರೆಗೆ ಆರಂಭಿಸಿ ಮೂರೂವರೆಗೆ ನಿಲ್ಲಿಸಿ. ಐದು ಗಂಟೆಯೊಳಗೆ ಒಲೆ ಆರಿಸಿ, ಬೂದಿಗೆ ನೀರು ಹಾಕಿ, ಗಂಟುಮೂಟೆ ಕಟ್ಟಿದರೆ ಹಕ್ಕಿಗಳು ಗೂಡಿಗೆ ಮರಳುವ ಹೊತ್ತಿಗೆ ದಂಡೆ ಖಾಲಿಯಾಗಿರುತ್ತದೆ. ಮರುದಿನ ಬೆಳಗ್ಗೆ ಆರಕ್ಕೆ ಹತ್ತು ಜನ ಚೀಲ ಹಿಡಿದು ಏರಿಯ ಉದ್ದಕ್ಕೂ ನಡೆದು, ಹಿಂದಿನ ದಿನ ಕಣ್ತಪ್ಪಿದ್ದನ್ನು ಹೆಕ್ಕಿ, ತೂಗಿ ಬರೆದುಕೊಳ್ಳಿ. ವಾರದೊಳಗೆ ಜಮಾ ಖರ್ಚಿನ ಹಾಳೆಯನ್ನು ಪಂಚಾಯಿತಿ ಕಚೇರಿಯ ಫಲಕದಲ್ಲೂ ಶಾಲೆಯ ಗೋಡೆಯಲ್ಲೂ ಅಂಟಿಸಿ. ಹೆಕ್ಕಿದ ಕಸದ ತೂಕವೂ ಅದೇ ಹಾಳೆಯ ಕೊನೆಯ ಸಾಲಿನಲ್ಲಿರಲಿ. ಇಪ್ಪತ್ತನೆಯ ದಿನ ಬೆಲ್ಲದ ಡ್ರಮ್ಮನ್ನು ತೆರೆದು ಸೋಸುವಾಗ, ಬಸ್ಸಿನಲ್ಲಿ ಕೊಕ್ಕರೆ ಬೆಳ್ಳೂರಿಗೆ ಹೊರಡಲಿರುವ ಮಕ್ಕಳನ್ನೇ ಕರೆದು, ಮೊದಲ ಬಾಟಲಿಯನ್ನು ಅವರ ಶಾಲೆಯ ಕೈತೋಟಕ್ಕೆ ಕೊಟ್ಟು ಕಳುಹಿಸಿ. ವಾಸನೆಗೆ ಮೂಗು ಮುಚ್ಚಿಕೊಂಡೇ ಒಯ್ಯುತ್ತಾರೆ, ಅಡ್ಡಿಯಿಲ್ಲ.